ತೇಪೆ ಎಂಬ ಮನೆತನ

ಆ ಮನೆತನದ ಹೆಸರು ತೇಪೆ. ಹರಿದದ್ದಕ್ಕೆ ಹಾಕುತ್ತಾರಲ್ಲ, ಅದೇ ತೇಪೆ. ಬೇರೆಯವರ ಮನೆತನದ ಹೆಸರು ಕೇಳಿದರೆ ಕೋಟೆಯೋ ಗದ್ದುಗೆಯೋ ಕಣ್ಣ ಮುಂದೆ ಬರುತ್ತದೆ. ಇವರದು ಕೇಳಿದವರ ಕಣ್ಣು ಮಾತ್ರ ತಾನಾಗಿಯೇ ಇವರ ಮೊಣಕೈ, ಮಂಡಿಗಳ ಕಡೆ ಜಾರುತ್ತಿತ್ತು, ಬಟ್ಟೆ ಎಲ್ಲಿ ಹರಿದಿದೆ ಎಂದು ಹುಡುಕುವಂತೆ.

ಕೆಳಗೆ ಅಂಗಡಿ, ಮೇಲೆ ಮನೆ. ಲಾರಿಗಳಿಗೆ ಹೊದಿಸುವ ಟಾರ್ಪಾಲು ಹೊಲಿಯುವುದು, ಹರಿದು ಬಂದದ್ದನ್ನು ರಿಪೇರಿ ಮಾಡುವುದು ಅವರ ಕಸುಬು. ಮನೆಯಲ್ಲಿ ಐದು ಜನ. ಎಪ್ಪತ್ತೆಂಟರ ಅಜ್ಜಿ, ಅವಳ ಮಗ ಅಪ್ಪ, ಸೊಸೆ ಅಮ್ಮ, ಮೊಮ್ಮಗ ಅಣ್ಣ, ಕೊನೆಗೆ ಸೂಜಿ. ಹುಟ್ಟುವಾಗಲೇ ತೆಳ್ಳಗಿದ್ದಳೆಂದು ಅವಳಿಗೆ ಸೂಜಿ ಎಂಬ ಹೆಸರು ಬಿದ್ದಿತ್ತು. ಬೆಳೆದ ಮೇಲೆ ಮಾತೂ ಹಾಗೇ ಆಯಿತು. ಅವಳೊಬ್ಬಳೇ ಹೊರಗೆ ದುಡಿಯುವವಳು. ವಾರ್ಡ್ ಕಚೇರಿಯಲ್ಲಿ ಮತದಾರರ ಪಟ್ಟಿ ತಿದ್ದುವ ಕೆಲಸ.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ತಟ್ಟೆ ಮುಂದೆ ಕೂತಿದ್ದಾಗ ಅಣ್ಣ ಕಂಕುಳಲ್ಲಿ ಒಂದು ಚೌಕಟ್ಟು ಅವುಚಿಕೊಂಡು ಮೆಟ್ಟಿಲು ಹತ್ತಿ ಬಂದ. ಚಿನ್ನದ ಬಣ್ಣದ ಅಂಚು, ಗಾಜಿನೊಳಗೆ ಹಳದಿ ಕಾಗದ. ಕಾಗದದ ನೆತ್ತಿಯಲ್ಲಿ ಎರಡು ಸಿಂಹಗಳು ಎದುರುಬದುರು ನಿಂತು ಒಂದು ಡೇರೆಯನ್ನು ಎತ್ತಿ ಹಿಡಿದಿದ್ದವು. ಕೆಳಗೆ ದಪ್ಪ ಅಕ್ಷರ: 'ಮನೆತನದ ಹೆಸರಿನ ಮೂಲ, ಅರ್ಥ ಮತ್ತು ಜನಸಂಖ್ಯೆ.'

"ಓದೇ ಜೋರಾಗಿ," ಎಂದು ಅದನ್ನು ಸೂಜಿಯ ಮುಂದೆ ಹಿಡಿದ.

ಅವಳು ಅನ್ನದ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ಓದಿದಳು. "'ಈ ಮನೆತನದ ಮೂಲ ಹೆಸರು ರಾಜಶಿಬಿರ. ಅರಸರ ದಂಡಯಾತ್ರೆಯಲ್ಲಿ ರಾಜಡೇರೆ ಕಟ್ಟುತ್ತಿದ್ದ ವೀರವಂಶ. ಇಂದು ಹನ್ನೊಂದು ದೇಶಗಳಲ್ಲಿ ಸುಮಾರು ನಲವತ್ತು ಸಾವಿರ ಮಂದಿ ಇದ್ದಾರೆ.' ಇದನ್ನ ಯಾರಣ್ಣ ಬರೆದಿದ್ದು?"

"ಅದಕ್ಕಂತಲೇ ಒಂದು ಆಫೀಸಿದೆ. ಹೆಸರು ಕೊಟ್ಟರೆ ವಾರದೊಳಗೆ ಹುಡುಕಿ ಕೊಡ್ತಾರೆ."

"ಹುಡುಕಿ ಕೊಡ್ತಾರೋ, ಹುಟ್ಟಿಸಿ ಕೊಡ್ತಾರೋ?" ಎಂದಳು ಅಮ್ಮ ಬೇಳೆ ಬಡಿಸುತ್ತ.

ಅಜ್ಜಿ ಕನ್ನಡಕ ಏರಿಸಿ ಚೌಕಟ್ಟಿನ ಮೇಲೆ ಬಗ್ಗಿದಳು. "ಇವೇನಪ್ಪ, ನಾಯಿಗಳಾ?"

"ಸಿಂಹ ಅಜ್ಜಿ."

"ಸಿಂಹ ಯಾಕೋ? ಇಲಿ ಬರೆಸಬೇಕಿತ್ತು. ಗೋಣಿಚೀಲ ಕಡಿದು ಕಡಿದು ನಮ್ಮ ಮನೇಗೆ ಅನ್ನ ಹಾಕಿದ್ದು ಅದೇ."

ಅಪ್ಪನಿಗೆ ನಗು ಬಂದು ಅನ್ನ ನೆತ್ತಿಗೇರಿತು. ಅಣ್ಣ ನಗಲಿಲ್ಲ. ಊರಾಚೆ ವಸ್ತುಪ್ರದರ್ಶನ ನಡೆಸುವ ದೊಡ್ಡ ಸಭಾಂಗಣದ ಯಜಮಾನ ಇಪ್ಪತ್ತು ಹೊಸ ಡೇರೆ ಹೊಲಿಸುವವನಿದ್ದ. ನಮೂನೆಯ ಹೊಲಿಗೆ ನೋಡಿ ಮೆಚ್ಚಿದ, ಆಮೇಲೆ ಚೀಟಿಯಲ್ಲಿ ಅಂಗಡಿಯ ಹೆಸರು ನೋಡಿ ನಕ್ಕನಂತೆ. "'ಹೊಸ ಡೇರೆ ಕೊಳ್ಳೋಕೆ ತೇಪೆ ಅಂಗಡಿಗೆ ಬರಬೇಕಾ?' ಅಂದ ಅಜ್ಜಿ, ನನ್ನ ಮುಖಕ್ಕೇ ಅಂದ. ಅವನದು ತಪ್ಪೇನು? ಅಂಗಡಿ ಕಾಗದ ನಮ್ಮ ನಾಲ್ಕು ಜನರ ಹೆಸರಲ್ಲಿದೆ. ನಾಲ್ಕೂ ಜನ ರಾಜಶಿಬಿರ ಅಂತ ಮಾಡ್ಕೊಂಡರೆ ಬೋರ್ಡೂ ಬದಲಾಗುತ್ತೆ. ಮೂರು ವಾರ ಬಿಟ್ಟು ಬುಧವಾರ ನೋಟರಿ ಹತ್ರ ಹೋಗೋದು. ನಾಲ್ಕು ಛಾಪಾ ಕಾಗದ ತಂದಾಗಿದೆ."

"ಒಬ್ಬರು ಒಪ್ಪದಿದ್ದರೆ?" ಎಂದಳು ಸೂಜಿ.

"ಒಬ್ಬರು ಒಪ್ಪದಿದ್ದರೂ ಆಗಲ್ಲ. ಅದಕ್ಕೇ ಕೇಳ್ತಿದೀನಿ."

"ನನ್ನನ್ನ ಇದಕ್ಕೆ ಎಳೀಬೇಡಿ," ಎಂದಳು ಅಮ್ಮ. "ನನ್ನ ಕಾಗದದಲ್ಲೆಲ್ಲ ನಮ್ಮಪ್ಪನ ಮನೆ ಹೆಸರೇ ಇರೋದು. ಬೇಳೆ ಯಾರಿಗೆ ಬೇಕು?"

ಅವಳನ್ನು ಯಾರೂ ಎಳೆದಿರಲಿಲ್ಲ. ಅದನ್ನೂ ಯಾರೂ ಗಮನಿಸಲಿಲ್ಲ.

ಸೂಜಿಗೆ ತೇಪೆ ಎಂಬ ಹೆಸರೇ ಬೇಕಿತ್ತು. ಅವಳು ಅಜ್ಜಿಯ ಸೆರಗಿನೊಳಗೆ ಕಥೆ ಕೇಳುತ್ತ ಬೆಳೆದವಳು, ಆ ಕಥೆಗಳಲ್ಲಿ ಅವಳಿಗೆ ಬಲು ಇಷ್ಟವಾದದ್ದು ಮುತ್ತಜ್ಜಿಯದು. ಮುತ್ತಜ್ಜಿ ಧಾನ್ಯದ ಮಂಡಿಯ ಬಾಗಿಲಲ್ಲಿ ಕೂತು ಹರಿದ ಗೋಣಿಚೀಲ ಹೊಲಿಯುತ್ತಿದ್ದಳು. ಬೇರೆಯವರು ತೇಪೆಯನ್ನು ಚೀಲದ ಒಳಗಿನಿಂದ ಕೊಟ್ಟು, ಚೀಲದ ಬಣ್ಣದ್ದೇ ದಾರದಲ್ಲಿ ಹೊಲಿದು, ಹರಿದದ್ದು ಕಾಣದ ಹಾಗೆ ಮಾಡುತ್ತಿದ್ದರು. ಮುತ್ತಜ್ಜಿ ಹೊರಗಿನಿಂದ ಕೊಡುತ್ತಿದ್ದಳು, ಅದೂ ಕೆಂಪು ದಾರದಲ್ಲಿ. ಕೊಳ್ಳುವವನಿಗೆ ಹರಿದದ್ದು ಎಲ್ಲಿ ಅಂತ ಗೊತ್ತಿರಬೇಕು, ಭಾರ ಎತ್ತುವವನು ಅಲ್ಲಿ ಕೈ ಹಾಕಬಾರದು ಎನ್ನುವುದು ಅವಳ ವಾದ. ಹಳೇ ಚೀಲವನ್ನು ಹೊಸದೆಂದು ಸಾಗಿಸುವ ವ್ಯಾಪಾರಿಗೆ ಇದರಿಂದ ಉರಿ. ಸರ್ಕಾರದ ಗುಮಾಸ್ತ ಜನರ ಹೆಸರು ಬರೆದುಕೊಳ್ಳಲು ಬಂದು "ಯಾವ ಮನೆತನ?" ಎಂದಾಗ, ಹಿಂದಿನಿಂದ ಆ ವ್ಯಾಪಾರಿ ಕೂಗಿದ: "ತೇಪೆ ಅಂತ ಬರ್ಕೊಳ್ಳಿ ಸ್ವಾಮಿ!" ಮಂಡಿಯೆಲ್ಲ ಗೊಳ್ಳೆಂದಿತು. ಮುತ್ತಜ್ಜಿ ದಬ್ಬಣ ಕೆಳಗಿಡದೆ ಹೇಳಿದಳು: "ಹೂಂ, ಹಾಗೇ ಬರ್ಕೊಳ್ಳಿ. ಹುಡುಕಿಕೊಂಡು ಬರೋರಿಗೆ ದಾರಿ ತಪ್ಪಲ್ಲ."

ಅಜ್ಜಿಯ ಬಾಯಲ್ಲಿ ಆ ವ್ಯಾಪಾರಿ ಒಮ್ಮೆ ಆನೆಯಷ್ಟು ದಪ್ಪ, ಇನ್ನೊಮ್ಮೆ ಒಣಗಿದ ನುಗ್ಗೆಕಾಯಿ. ಆದರೆ ಮುತ್ತಜ್ಜಿಯ ಉತ್ತರ ಮಾತ್ರ ಒಂದು ಸಲವೂ ಬದಲಾದದ್ದಿಲ್ಲ. ಇಂದಿಗೂ ಅಂಗಡಿಯ ತೇಪೆ ಹೊರಗಿನಿಂದಲೇ, ದಾರ ಕೆಂಪೇ.

ಮೊದಲ ವಾರ ಅಣ್ಣ ಬೆಣ್ಣೆಯಂತಿದ್ದ. ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿದ್ದುದನ್ನು ಯಾರೂ ಹೇಳದೆ ಸರಿಮಾಡಿದ. ಅಜ್ಜಿಗೆ ಬಾಳೆಹಣ್ಣು ತಂದ. ಚೌಕಟ್ಟನ್ನು ಊಟದ ಕೋಣೆಯ ಗೋಡೆಗೆ ತಾನೇ ಮೊಳೆ ಹೊಡೆದು ತೂಗುಹಾಕಿದ. ಅಜ್ಜಿ ಅದರ ಮೂಲೆಗೆ ತನ್ನ ಸ್ವೆಟರು ನೇತುಹಾಕಿದಳು.

"ನೀನೇನಂತೀಯಪ್ಪಾ?" ಎಂದು ಸೂಜಿ ಅಂಗಡಿಯಲ್ಲಿ ಅಪ್ಪನನ್ನು ಹಿಡಿದಳು. ಅಪ್ಪ ದಾರಕ್ಕೆ ಮೇಣ ತೀಡುತ್ತಿದ್ದ.

"ಶಾಲೇಲಿ ಹಾಜರಿ ಕೂಗುವಾಗ," ಎಂದ, "ಮೇಷ್ಟ್ರು 'ತೇಪೆ' ಅನ್ನೋದೇ ತಡ, ಹಿಂದಿನ ಬೆಂಚಿನೋರು ಪರ್ ಅಂತ ಬಟ್ಟೆ ಹರಿಯೋ ಸದ್ದು ಮಾಡ್ತಿದ್ರು. ದಿನಾ. ಐದು ವರ್ಷ. ಮೇಷ್ಟ್ರಿಗೂ ನಗು. ನೀನು ಆ ಸದ್ದು ಕೇಳಿಲ್ಲ ಮಗಳೇ."

"ನನಗೂ ಮಾಡಿದ್ರು."

"ನೀನೇನು ಮಾಡಿದೆ?"

"ಒಬ್ಬನ ಅಂಗಿ ಜೇಬು ನಿಜವಾಗ್ಲೂ ಹರಿದೆ. ಆಮೇಲೆ ನಾನೇ ಹೊಲಿದು ಕೊಟ್ಟೆ. ಕೆಂಪು ದಾರ."

ಅಪ್ಪ ನಕ್ಕ, ಆದರೆ "ನಂಗೆ ವಯಸ್ಸಾಯ್ತು. ಸಹಿ ಹಾಕಿಬಿಡ್ತೀನಿ ಅನ್ಸುತ್ತೆ," ಎಂದ.

ಆಚೆ ಮಗ್ಗುಲಲ್ಲಿ ಅಮ್ಮ ಹದಿನೆಂಟು ಅಡಿಯ ಟಾರ್ಪಾಲಿನ ನಡುವೆ ಮಂಡಿಯೂರಿ ಮೂಲೆಗಳಿಗೆ ಹಿತ್ತಾಳೆ ಉಂಗುರ ಕೂರಿಸುತ್ತಿದ್ದಳು. ಸುತ್ತಿಗೆಯ ಏಟು ಒಂದೂ ತಪ್ಪಲಿಲ್ಲ.

ಸಹಿ ಹಾಕಲು ಸೂಜಿಗೆ ಕೈ ಬರುವುದಿಲ್ಲ, ಹಾಕದಿದ್ದರೆ ಮನೆ ಒಡೆಯುತ್ತದೆ. ಆ ತಳಮಳದಲ್ಲೇ ಅವಳು ಒಂದು ಮಧ್ಯಾಹ್ನ, ಕಚೇರಿಯ ಗೋಡೆಗೆ ಜನ ನೋಡಲೆಂದು ಅಂಟಿಸಿದ್ದ ಪಟ್ಟಿಯ ಮುಂದೆ ಡಬ್ಬಿ ಊಟ ಹಿಡಿದು ನಿಂತಳು. ಹನ್ನೊಂದು ದೇಶ ಹಾಳಾಗಲಿ, ಈ ಊರಲ್ಲಿ ಎಷ್ಟು ತೇಪೆಗಳಿದ್ದಾರೆ? ನಾಲ್ಕು ದಿನ ಊಟದ ಹೊತ್ತಿನಲ್ಲಿ ಒಂದೊಂದೇ ಹಾಳೆಯ ಮೇಲೆ ಬೆರಳಾಡಿಸಿದಳು. ಸಿಕ್ಕಿದ್ದು ನಲವತ್ತಮೂರು. ಅವರಲ್ಲಿ ನಾಲ್ವರು ತನ್ನ ಮನೆಯವರೇ. ಉಳಿದ ಮೂವತ್ತೊಂಬತ್ತು ಜನರ ಬಗ್ಗೆ ಮನೆಯಲ್ಲಿ ಯಾರೂ ಒಂದು ಮಾತು ಆಡಿದ್ದಿಲ್ಲ. ಕಚೇರಿಯಲ್ಲಿ ವಿಚಾರಿಸಿದಾಗ ತಿಳಿಯಿತು: ಒಬ್ಬ ಬಸ್ ಚಾಲಕ, ಒಬ್ಬಳು ದಾದಿ, ಇಸ್ತ್ರಿ ಅಂಗಡಿಯ ಅಕ್ಕತಂಗಿಯರು. ಹೆಚ್ಚಿನ ಮನೆಗಳಲ್ಲಿ ತಂದೆಯ ಹೆಸರಿರಬೇಕಾದ ಜಾಗದಲ್ಲಿ ತಾಯಿಯ ಹೆಸರು.

ಅಜ್ಜಿಯನ್ನು ಬಿಟ್ಟರೆ ಪಟ್ಟಿಯಲ್ಲಿ ಎಲ್ಲರಿಗಿಂತ ಹಿರಿಯಳು ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ ಛತ್ರಿ ರಿಪೇರಿ ಮಾಡುವವಳು. ಸೂಜಿ ಶನಿವಾರ ಕೆಲಸ ಬಿಟ್ಟ ಮೇಲೆ ಸೀದಾ ಅಲ್ಲಿಗೆ ಹೋದಳು. ಹೆಂಗಸು ಮುರಿದ ಛತ್ರಿ ಕಡ್ಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ತಂತಿ ಸುತ್ತುತ್ತಿದ್ದಳು.

"ನಾನೂ ತೇಪೆ. ಟಾರ್ಪಾಲು ಅಂಗಡಿಯವಳು. ನೀವು ನಮಗೆ ಏನಾಗಬೇಕು?"

ಹೆಂಗಸು ಬಾಯಿಂದ ಕಡ್ಡಿ ತೆಗೆದಳು. "ಏನೂ ಆಗಬೇಕಿಲ್ಲ ಮಗಾ. ರಕ್ತದಲ್ಲಿ ಹುಡುಕಬೇಡ, ಸಿಗಲ್ಲ. ಕೂತ್ಕೋ, ಆ ಡಬ್ಬದ ಮೇಲೆ. ನಿಮ್ಮಜ್ಜಿ ಇದಾಳಾ ಇನ್ನೂ?"

"ಇದಾಳೆ."

"ಬಾಯಿ?"

"ಅದು ಅವಳಿಗಿಂತ ಗಟ್ಟಿ ಇದೆ."

"ಅಯ್ಯೋ, ಬಂದಾಗ ಬಾಯೇ ಇರಲಿಲ್ಲವಂತೆ! ನಮ್ಮಮ್ಮ ಹೇಳೋಳು. ನಮ್ಮಮ್ಮ ಹೊಡೆಯೋ ಗಂಡನ್ನ ಬಿಟ್ಟು ಬಂದು ಮಂಡಿ ಬಾಗಿಲ ಮುದುಕಿ ಪಕ್ಕ ಕೂತು ಹೊಲಿಗೆ ಕಲಿತಿದ್ದು. ಆಮೇಲೆ ಒಂದು ವರ್ಷಕ್ಕೆ ನಿಮ್ಮಜ್ಜಿ ಬಂದ್ಲು. ಹನ್ನೆರಡು ವರ್ಷದ ಹುಡುಗಿ, ಕಾಲಲ್ಲಿ ಚಪ್ಪಲಿ ಇಲ್ಲ, ಎಲ್ಲಿಂದ ಅಂತ ಕೇಳಿದ್ರೆ ಉತ್ತರ ಇಲ್ಲ."

"ಇಲ್ಲ, ನಮ್ಮಜ್ಜಿ ಆ ಮನೆಗೆ ಸೊಸೆಯಾಗಿ ಬಂದವಳು."

ಛತ್ರಿಯವಳು ನಕ್ಕ ನಗುವಿಗೆ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. "ಯಾರ ಸೊಸೆಯೇ? ಆ ಮುದುಕಿಗೆ ಮಕ್ಕಳೇ ಇರಲಿಲ್ಲ!"

ಮನೆಗೆ ಬಂದಾಗ ಅಜ್ಜಿ ಸೊಪ್ಪು ಬಿಡಿಸುತ್ತಿದ್ದಳು. ಅಪ್ಪ ಚಹಾ ಕುಡಿಯುತ್ತಿದ್ದ, ಅಣ್ಣ ಡೇರೆಯ ಅಳತೆ ಬರೆಯುತ್ತಿದ್ದ, ಅಮ್ಮ ಒಲೆಯ ಮುಂದಿದ್ದಳು. ಸೂಜಿ ಚಪ್ಪಲಿಯನ್ನೂ ಬಿಡದೆ ಕೇಳಿದಳು: "ಅಜ್ಜಿ, ಮುತ್ತಜ್ಜಿ ನಿನಗೆ ಏನಾಗಬೇಕಿತ್ತು?"

ಅಜ್ಜಿಯ ಕೈ ನಿಂತಿತು. ಒಂದು ದಂಟು ಮುರಿದು ತಟ್ಟೆಗೆ ಹಾಕಿದಳು. "ಛತ್ರಿಯವಳು ಹೇಳಿದ್ಲಾ? ಅವಳಮ್ಮನಿಗೂ ಹೊಟ್ಟೇಲಿ ಮಾತು ನಿಲ್ತಿರಲಿಲ್ಲ."

"ಅಮ್ಮಾ, ಏನಿದು?" ಎಂದ ಅಪ್ಪ.

"ಏನಿಲ್ಲ. ನಾನು ಎಲ್ಲಿಯವಳೂ ಅಲ್ಲ. ಮಂಡಿ ಬಾಗಿಲಲ್ಲಿ ಹಸಿದು ನಿಂತಿದ್ದೆ. ಆಯಮ್ಮ ಒಂದು ದಬ್ಬಣ ಕೊಟ್ಲು, ಒಂದು ರೊಟ್ಟಿ ಕೊಟ್ಲು. ಎರಡರಲ್ಲಿ ಯಾವುದು ಮೊದಲು ಅಂತ ನೆನಪಿಲ್ಲ. ನನ್ನ ಹಂಗೇ ಇನ್ನೂ ಒಂಬತ್ತು ಜನ ಇದ್ರು. ಹೆಸರಿಗೊಂದು ಕಟ್ಟಳೆ ಇತ್ತು. ಮೂರು ವರ್ಷ ಜೊತೆಗೆ ಕೂತು ಹೊಲಿದವರು ಹೆಸರು ಕೇಳಬಹುದು. ಕೇಳಿದವರಿಗೆ ಇಲ್ಲ ಅನ್ನಬಾರದು. ಕೇಳದೇ ಇದ್ದವರಿಗೆ ಕೊಡಬಾರದು. ನಾನು ಮೂರು ವರ್ಷ ತುಂಬಿದ ದಿನವೇ ಕೇಳಿದೆ. ನಿಮ್ಮಪ್ಪ ಹಮಾಲಿ ಕೆಲಸದವರು, ನನ್ನ ಮದುವೆಯಾಗಿ ಹೊಲಿಗೆಗೆ ಕೂತ್ರು, ಅವರೂ ಮೂರು ವರ್ಷ ಕಾದು ಕೇಳಿದ್ರು."

"ನೀನು ಸೊಸೆ ಅಂತ ಹೇಳ್ತಿದ್ದೆ!" ಎಂದ ಅಪ್ಪ.

"ನೀನು ಶಾಲೆಯಿಂದ ಅಳ್ತಾ ಬಂದು 'ನಾವು ಯಾರು' ಅಂದೆ. ಅಳೋ ಮಗುವಿಗೆ ಒಂದು ವಂಶ ಬೇಕಿತ್ತು. ಹೊಲಿದು ಕೊಟ್ಟೆ."

ಅಣ್ಣ ಪೆನ್ನು ಎಸೆದು ಎದ್ದ. "ಅಂದ್ರೆ ನಾವು ಯಾರೂ ಅಲ್ಲ! ಬೀದೀಲಿ ಕೂತ ಮುದುಕಿ, ಮನೆ ಬಿಟ್ಟು ಬಂದ ಹೆಂಗಸರು, ಹಮಾಲಿ. ಇದಕ್ಕೋಸ್ಕರ ನಾನು ಇಪ್ಪತ್ತು ಡೇರೆ ಬಿಡಬೇಕಾ?"

"ಯಾರೂ ಅಲ್ಲ ಅನ್ಬೇಡ ಕಣೋ. ನಾವು ಕೇಳಿ ಪಡೆದವರು."

"ನಾನು ಕೇಳಿರಲಿಲ್ಲ!"

"ಅದೇ ತಪ್ಪಾಗಿದ್ದು," ಎಂದಳು ಅಜ್ಜಿ ಮತ್ತೆ ಸೊಪ್ಪಿಗೆ ಕೈ ಹಾಕಿ. "ಹುಟ್ಟಿದ ಮಕ್ಕಳಿಗೆ ಪುಕ್ಕಟೆ ಕೊಟ್ಬಿಟ್ವಿ. ಪುಕ್ಕಟೆ ಬಂದಿದ್ದರ ತೂಕ ಎಲ್ಲಿ ಗೊತ್ತಾಗುತ್ತೆ?"

ಅಣ್ಣ ಸೂಜಿಯ ಕಡೆ ತಿರುಗಿದ. "ನಿನಗ್ಯಾಕೆ ಇಷ್ಟು ಹಟ? ನಾಳೆ ಮದುವೆಯಾಗಿ ಹೋದ್ರೆ ಹೆಸರು ಹೇಗಿದ್ದರೂ ಬದಲಾಗುತ್ತೆ."

"ಬದಲಾಗುತ್ತೆ ಅಂತ ಯಾರು ಹೇಳಿದ್ದು? ಬರೋನು ಬಂದು ಮೂರು ವರ್ಷ ಹೊಲೀಲಿ. ಆಮೇಲೆ ಬೇಕಾದ್ರೆ ಕೇಳ್ಲಿ."

"ಹಾಲು ಉಕ್ತಿದೆ," ಎಂದಳು ಅಮ್ಮ, ಒಲೆಯ ಮುಂದೆ ತಾನೇ ನಿಂತಿದ್ದರೂ. ಅವಳು ಒಲೆ ಆರಿಸಿದ್ದು ಹಾಲೆಲ್ಲ ಚೆಲ್ಲಿದ ಮೇಲೆ.

ಅಂದಿನಿಂದ ಅಣ್ಣ ಊಟಕ್ಕೆ ಮೇಲೆ ಬರುವುದನ್ನು ಬಿಟ್ಟ. ಅಂಗಡಿಯಲ್ಲೇ ಬ್ರೆಡ್ಡು ತಿನ್ನುತ್ತಿದ್ದ. ಅಮ್ಮ ತಟ್ಟೆ ಮುಚ್ಚಿ ಮೆಟ್ಟಿಲ ಮೇಲಿಡುತ್ತಿದ್ದಳು. ಅದು ಖಾಲಿಯಾಗಿ ವಾಪಸ್ಸು ಬರುತ್ತಿತ್ತು, ಆದ್ದರಿಂದ ಸಿಟ್ಟು ಹೊಟ್ಟೆಯವರೆಗೆ ಇಳಿದಿಲ್ಲ ಎಂದು ಅಜ್ಜಿ ಸಮಾಧಾನ ಪಟ್ಟಳು. ಕಸ ಹೊರಗೆ ಹಾಕುವ ಪಾಳಿ ಅಣ್ಣನದು, ಹಾಕಲಿಲ್ಲ. ಸೂಜಿಯೂ ಹಟ ಹಿಡಿದು ಮುಟ್ಟಲಿಲ್ಲ. ನಾಲ್ಕನೇ ದಿನ ಅಪ್ಪ ಮೂಗು ಮುಚ್ಚಿಕೊಂಡು ತಾನೇ ಬುಟ್ಟಿ ಎತ್ತಿದ. "ಮನೆತನ ಆಮೇಲೆ ನೋಡ್ಕೊಳ್ಳೋಣ, ಮೊದಲು ಮನೆ!" ಎಂದು ಮೊದಲ ಸಲ ಕೂಗಾಡಿದ.

ಅಮ್ಮ ಆ ದಿನಗಳಲ್ಲಿ ಮಾತೇ ಆಡಲಿಲ್ಲ. ಮೊದಲೂ ಅವಳು ಹೆಚ್ಚು ಆಡುವವಳಲ್ಲವೆಂದು ಯಾರಿಗೂ ಅದು ಹೊಸದಾಗಿ ಕಾಣಲಿಲ್ಲ. ಒಂದು ಸಂಜೆ ಮಾತ್ರ, ಟಾರ್ಪಾಲು ಮಡಚುವಾಗ ಎದುರು ಅಂಚು ಹಿಡಿದಿದ್ದ ಸೂಜಿಯನ್ನು ಕೇಳಿದಳು: "ಆ ಛತ್ರಿಯವಳಮ್ಮ ಹೆಸರು ಕೇಳಿದಾಗ ಏನಂತ ಕೇಳಿದ್ಲಂತೆ? ಮಾತಿಗೆ ಏನಾದ್ರೂ ಕ್ರಮ ಇತ್ತಾ?"

"ಗೊತ್ತಿಲ್ಲಮ್ಮ. ಯಾಕೆ?"

"ಸುಮ್ನೆ. ಎಳಿ ಆ ಕಡೆ, ಸುಕ್ಕು ಬಂತು."

ಬುಧವಾರ ಬಂತು. ನೋಟರಿಯ ಕೋಣೆ ಜೆರಾಕ್ಸ್ ಅಂಗಡಿಯ ಮೇಲಿತ್ತು. ಒಂದು ಮೇಜು, ನಾಲ್ಕು ಕುರ್ಚಿ, ಕಿಟಕಿಯ ಬಳಿ ಒಬ್ಬ ಬೆರಳಚ್ಚಿನವ. ಅಜ್ಜಿಯ ಕೈ ಹಿಡಿದು ಮೆಟ್ಟಿಲು ಹತ್ತಿಸಲೆಂದು ಅಮ್ಮನೂ ಬಂದಿದ್ದಳು. ನೋಟರಿ ಕನ್ನಡಕದ ಮೇಲಿಂದ ಎಣಿಸಿದರು.

"ನಾಲ್ಕು ಕಾಗದ, ಐದು ಜನ?"

"ಅವರು ನಮ್ಮಮ್ಮ. ಅವರ ಸಹಿ ಬೇಡ," ಎಂದ ಅಣ್ಣ.

ಬೆರಳಚ್ಚಿನವ ಅಪ್ಪನ, ಅಣ್ಣನ ಕಾಗದಗಳನ್ನು ಬಡಿದು ಮುಗಿಸಿ ತುಟಿ ಬಿಗಿಹಿಡಿದ. "ತೇಪೆ... ಹೌದಾ ಸಾರ್? ಅಲ್ಲ, ಬದಲಾಯಿಸೋದೇ ಒಳ್ಳೇದು ಬಿಡಿ." ಎಷ್ಟು ತಡೆದರೂ ಮೂಗಿನಿಂದ ನಗು ನುಗ್ಗಿತು.

ಅಪ್ಪ ಪೆನ್ನು ಎತ್ತಿಕೊಂಡಿದ್ದ. ಅದನ್ನು ಕೆಳಗಿಟ್ಟ.

"ಏನು ನಗು?"

"ಏನಿಲ್ಲ ಸಾರ್, ಹೆಸರು..."

"ಹೆಸರಿಗೇನಾಗಿದೆ? ಹತ್ತು ಹೆಂಗಸರು ಹೊಲಿದು ಸಂಪಾದಿಸಿದ ಹೆಸರು. ನಿನ್ನ ಹೆಸರನ್ನ ಯಾರಾದ್ರೂ ಬಂದು 'ನನಗೂ ಕೊಡಿ' ಅಂತ ಕೇಳಿದ್ದಾರಾ ಇವತ್ತಿನವರೆಗೆ?" ಅಪ್ಪ ತನ್ನ ಕಾಗದವನ್ನು ನೋಟರಿಯ ಕಡೆ ತಳ್ಳಿದ. "ನನ್ನದು ಇದ್ದ ಹಾಗೇ ಇರಲಿ. ನಾನು ಸಹಿ ಹಾಕಲ್ಲ."

"ನಾನೂ ಇಲ್ಲ," ಎಂದಳು ಸೂಜಿ.

"ನನಗೆ ಸಹಿ ಹಾಕೋಕೆ ಬರೋದೇ ಆ ಹೆಸರು ಒಂದು," ಎಂದಳು ಅಜ್ಜಿ. "ಈ ವಯಸ್ಸಲ್ಲಿ ಇನ್ನೊಂದು ಕಲಿಯೋಕಾಗಲ್ಲ."

ಅಣ್ಣನ ಕಿವಿ ಕೆಂಪಾಯಿತು. ಒಬ್ಬೊಬ್ಬರ ಮುಖವನ್ನೂ ನೋಡಿದ. ಆಮೇಲೆ ತನ್ನ ಕಾಗದ ಎಳೆದುಕೊಂಡು ಸಹಿ ಹಾಕಿದ, ಕಾಗದ ತೂತಾಗುವಷ್ಟು ಒತ್ತಿ. "ನಾನಂತೂ ಬದಲಾಯಿಸ್ಕೋತೀನಿ. ಆರ್ಡರು ಹೋದ್ರೆ ನನ್ನನ್ನ ಅನ್ನಬೇಡಿ."

"ಬದಲಾಯಿಸ್ಕೋ," ಎಂದಳು ಅಜ್ಜಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಬೇಡ ಅನ್ನೋರನ್ನ ಹಿಡ್ಕೊಂಡು ಕೂರೋ ಹೆಸರಲ್ಲ ಅದು. ಬೋರ್ಡು ಮುಟ್ಟಬೇಡ, ಅಷ್ಟೇ. ಆಮೇಲೆ ಊಟಕ್ಕೆ ಮೇಲೆ ಬಾ. ರಾಜಶಿಬಿರದವರಿಗೂ ಅದೇ ಬೇಳೆ."

ನೋಟರಿ ನಿಟ್ಟುಸಿರು ಬಿಟ್ಟು ಉಳಿದ ಮೂರು ಕಾಗದ ಒಟ್ಟುಮಾಡಿದರು. "ಹಾಗಾದ್ರೆ ಇವು ದಂಡ."

"ಖಾಲಿ ಇರೋದೊಂದು ನನಗೆ ಕೊಡಿ," ಎಂದಳು ಅಮ್ಮ.

ಎಲ್ಲರೂ ತಿರುಗಿದರು. ಅಮ್ಮ ಗೋಡೆಗೊರಗಿ ನಿಂತಿದ್ದವಳು ಮುಂದೆ ಬಂದು, ಅಣ್ಣ ಎದ್ದ ಕುರ್ಚಿಯ ಮೇಲೆ ಕೂತಳು. ಅವಳ ಬೆರಳುಗಳ ತುದಿಯಲ್ಲಿ ದಬ್ಬಣದ ಕಪ್ಪು ಗೀರುಗಳಿದ್ದವು. ಆ ಕೈಯನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

"ಮೂವತ್ತೆರಡು ವರ್ಷ ಹೊಲಿದಿದೀನಿ," ಎಂದಳು. "ಈ ಮನೇಲಿ ನನ್ನಷ್ಟು ಹೊಲಿದವರು ಇನ್ನೊಬ್ಬರಿಲ್ಲ. ಅಂಗಡಿ ಕಾಗದಕ್ಕೆ ನಾಲ್ಕು ಜನರನ್ನ ಸೇರಿಸಿದ್ರಿ. ಹೆಸರು ಇರಬೇಕೋ ಹೋಗಬೇಕೋ ಅಂತ ಮೂರು ವಾರ ಕಿತ್ತಾಡಿದ್ರಿ. ನನ್ನನ್ನ ಒಬ್ಬರೂ ಕೇಳಲಿಲ್ಲ."

"ನೀನೇ ಅಲ್ವಾ ಎಳೀಬೇಡಿ ಅಂದಿದ್ದು..." ಎಂದ ಅಪ್ಪ ಮೆಲ್ಲಗೆ.

"ಯಾರೂ ಎಳೀದೇ ಇದ್ದಾಗ ಇನ್ನೇನನ್ನಬೇಕು?" ಅಮ್ಮ ಅತ್ತೆಯ ಕಡೆ ತಿರುಗಿದಳು. "ಅತ್ತೇ, ಕೇಳದವರಿಗೆ ಕೊಡಬಾರದು ಅಂದ್ರಿ. ಸರಿ. ಈಗ ಕೇಳ್ತಿದೀನಿ. ಸೊಸೆ ಅಂತಲ್ಲ. ಹೊಲಿಯೋಳು ಅಂತ ಕೇಳ್ತಿದೀನಿ."

ಅಜ್ಜಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಇಷ್ಟು ವರ್ಷ ಬೇಕಾಯ್ತೇನೇ ನಿನಗೆ, ಬಿಂಕದವಳೇ! ನಾನು ಬಾಯಿಬಿಟ್ಟು ಹೇಳೋ ಹಾಗಿರಲಿಲ್ಲ. ನೀನು ಕೇಳಲೇ ಇಲ್ಲ."

"ಕೇಳಬಹುದು ಅನ್ನೋದೇ ಗೊತ್ತಿರಲಿಲ್ಲ."

ಅಜ್ಜಿ ಸೊಸೆಯ ಕೈಯ ಮೇಲೆ ತನ್ನ ಕೈಯಿಟ್ಟಳು. ಅಣ್ಣ ಬಾಗಿಲ ಬಳಿ ಹೋದವನು ಹೋಗದೆ ನಿಂತಿದ್ದ.

ನೋಟರಿ ಗಂಟಲು ಸರಿಮಾಡಿಕೊಂಡು ಬೆರಳಚ್ಚಿನವನಿಗೆ ಸನ್ನೆ ಮಾಡಿದರು. ಅವನು ನಗಲಿಲ್ಲ. ಯಂತ್ರಕ್ಕೆ ಕಾಗದ ಸೇರಿಸಿ ಟಕಟಕ ಬಡಿಯತೊಡಗಿದ. ಕಾರಣ ಎಂಬ ಸಾಲು ಬಂದಾಗ ಮಾತ್ರ ನಿಲ್ಲಿಸಿದ.

"ಹೆಸರು ಬದಲಾವಣೆಗೆ ಕಾರಣ ಬೇಕು ಅಮ್ಮಾ. ಸಾಮಾನ್ಯವಾಗಿ 'ವಿವಾಹ' ಅಂತ ಹಾಕ್ತೀವಿ."

"ವಿವಾಹ ಅಲ್ಲ," ಎಂದಳು ಅಮ್ಮ. "'ದುಡಿಮೆ' ಅಂತ ಹಾಕಿ."

"ಹಾಗೆ ಯಾರೂ ಹಾಕಲ್ಲ..."

"ನಾನು ಹಾಕ್ತೀನಿ."

ಅವನು ಹಾಕಿದ. ನೋಟರಿ ಕಾಗದ ಎತ್ತಿ, ಕ್ರಮದಂತೆ, ಹಳೆಯ ಹೆಸರಿನ ಜಾಗದಲ್ಲಿ ಅವಳ ತಂದೆಯ ಮನೆಯದನ್ನೂ ಹೊಸ ಹೆಸರಿನ ಜಾಗದಲ್ಲಿ ತೇಪೆಯನ್ನೂ ಓದಿ, "ಸರಿಯಿದೆಯಾ?" ಎಂದರು.

"ಕೊನೇದು ಸರಿಯಾಗಿ ಕೇಳಿಸಲಿಲ್ಲ," ಎಂದಳು ಅಮ್ಮ, ಕಿಟಕಿಯ ಕಡೆ ನೋಡಿ. "ಇನ್ನೊಂದ್ಸಲ ಓದಿ. ಕೆಳಗಿನ ಅಂಗಡಿಯವರಿಗೂ ಕೇಳ್ಲಿ."